ಸಹಿ ತಾಳೆ ಆಗ್ತಿಲ್ಲ

ಭಾವ ಬ್ಯಾಂಕಿನಿಂದ ನಿವೃತ್ತರಾದಾಗ ಹಾರ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಆದಮೇಲೆ ಮಕ್ಕಳು ಒಂದು ಕ್ಯಾಮೆರಾ ಕೊಡಿಸಿದರು. ಮೊಮ್ಮಗಳ ಫೋಟೊ ತೆಗೆದುಕೊಂಡು ಆರಾಮಾಗಿರಲಿ ಅಂತ. ಮೂರೇ ತಿಂಗಳಲ್ಲಿ ಅದಕ್ಕೆ 100 ಮಿಲಿಮೀಟರಿನ ಮ್ಯಾಕ್ರೋ ಲೆನ್ಸ್ ಬಂತು. ಅದರ ಬಿಲ್ಲು ಅಕ್ಕನಿಗೆ ಸಿಕ್ಕಿದ್ದು ಪ್ಯಾಂಟು ಒಗೆಯಲು ಹಾಕುವಾಗ. ಅಲ್ಲಿಂದೀಚೆಗೆ ಮೊಮ್ಮಗಳ ಫೋಟೊ ಒಂದೂ ಇಲ್ಲ. ಅವಳ ಫ್ರಾಕಿನ ಮೇಲೆ ಕೂತಿದ್ದ ಮಿಡತೆಯದು 14 ಇವೆ.

ಮಳೆ ಹಿಡಿದು ಹದಿನೈದು ದಿನಕ್ಕೆ ಭಾವ ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಬಂದಿಳಿಯುತ್ತಾರೆ. ಕೊರಳಲ್ಲಿ ಕ್ಯಾಮೆರಾ ನೇತುಹಾಕಿಕೊಂಡು ಘಟ್ಟಕ್ಕೆ ಬರುವವರೆಲ್ಲ ತಮ್ಮನ್ನು ಕಾದಂಬರಿಯ ಕರ್ವಾಲೋ ಎಂದುಕೊಂಡಿರುತ್ತಾರೆ. ಮಂದಣ್ಣನ ಪಾತ್ರ ನಮಗೆ ಬಿಟ್ಟಿದ್ದು. ಕೊಡೆ ಹಿಡಿಯುವುದು, ಕೊಂಬೆ ಬಗ್ಗಿಸುವುದು, ಉಸಿರೆತ್ತದೆ ನಿಲ್ಲುವುದು.

ಬೆಳಿಗ್ಗೆ ಆರಕ್ಕೇ ತೋಟಕ್ಕೆ ಇಳಿಯಬೇಕು. ಬಿಸಿಲೇರುವ ತನಕ ಹುಳುಗಳು ಮರಗಟ್ಟಿ ಕೂತಿರುತ್ತವಂತೆ, ರೆಕ್ಕೆಯ ಮೇಲೆ ನೀರಹನಿ ಬೇರೆ. ಹನಿ ಹುಳುವಿನ ಮೇಲೆ, ಇಂಬಳ ಭಾವನ ಮೇಲೆ. ಫ್ಲ್ಯಾಶಿನ ಮುಂದೆ ಚಿಪ್ಸಿನ ಉದ್ದನೆ ಡಬ್ಬಿ, ಅದರ ಬಾಯಿಗೆ ಟ್ರೇಸಿಂಗ್ ಪೇಪರು, ಬೆಳಕು ಮೆತ್ತಗಾಗಲಿಕ್ಕೆ. ಕಾಡುಹಂದಿಗೂ ಬೊಗಳದ ನಮ್ಮ ನಾಯಿ ಆ ಡಬ್ಬಿ ಕಂಡರೆ ಬೊಗಳುತ್ತದೆ.

ಹುಳುವನ್ನು ಅದರ ನಿಜಗಾತ್ರಕ್ಕೆ ಹಿಡಿಯುವಾಗ ಫೋಕಸಿನಲ್ಲಿ ನಿಲ್ಲುವುದು ಒಂದು, ಹೆಚ್ಚೆಂದರೆ ಒಂದೂವರೆ ಮಿಲಿಮೀಟರು. ಉಸಿರು ಬಿಟ್ಟರೆ ಸಾಕು, ಕಣ್ಣು ಮಸುಕಾಗಿ ಮೀಸೆ ಮೂಡುತ್ತದೆ. ಆದ್ದರಿಂದ ಭಾವ ಉಸಿರು ಬಿಡುವುದಿಲ್ಲ. ಬಸಿಗಾಲುವೆಯ ಅಂಚಿಗೆ ಮೊಣಕಾಲೂರಿ, ತಲೆ ಕೆಳಗೆ, ಹಿಂಭಾಗ ಆಕಾಶಕ್ಕೆ. ಮೊದಲ ವರ್ಷ ಈ ಭಂಗಿ ಕಂಡ ಕೆಲಸದಾಳು “ಅಯ್ಯಾ, ಭಾವಯ್ಯ ಹೋಗ್‌ಬಿಟ್ರು!” ಎಂದು ಕೂಗುತ್ತ ಓಡಿಬಂದ. ನಾವು ನೀರಿನ ತಂಬಿಗೆ ಹಿಡಿದು ಓಡಿದೆವು.

“ಶ್!” ಅಂದರು ಹೋದವರು.

ಇಷ್ಟಾದರೆ ಅರ್ಧ ಕೆಲಸ. ಉಳಿದರ್ಧ ಹೆಸರು. ಭಾವ 31 ವರ್ಷ ಚೆಕ್ಕಿನ ಸಹಿಯನ್ನು ಮಾದರಿ ಸಹಿಗೆ ಹೋಲಿಸಿ ನೋಡಿದವರು. ಬಾಲ ಒಂಚೂರು ಸೊಟ್ಟಗಿದ್ದರೂ ಸಾಹುಕಾರರನ್ನೇ ವಾಪಸು ಕಳಿಸಿದ ಕೈ ಅದು. ಈಗ ಹುಳುಗಳ ಸರದಿ. ರೆಕ್ಕೆಯ ನರ, ಮೀಸೆಯ ಗಂಟು, ಕಾಲಿನ ಮುಳ್ಳು, ಒಂದೊಂದನ್ನೂ ಪುಸ್ತಕದ ಚಿತ್ರದ ಪಕ್ಕ ಹಿಡಿದು, ಕನ್ನಡಕ ಮೇಲೇರಿಸಿ, ಕೆಳಗಿಳಿಸಿ, ಕೊನೆಗೆ “ತಾಳೆ ಆಗ್ತಿಲ್ಲ ಮಾರಾಯ” ಎನ್ನುತ್ತಾರೆ. ಜೀವಿಗಳನ್ನು ಗುರುತಿಸುವ ಜಾಲತಾಣ ಐನ್ಯಾಚುರಲಿಸ್ಟ್‌ನಲ್ಲಿ ಹಾಕಿದರೆ ಅಲ್ಲಿ ಇನ್ನೊಬ್ಬರಾದರೂ ಒಪ್ಪದ ಹೊರತು ಹೆಸರು ಪಕ್ಕಾ ಆಗುವುದಿಲ್ಲ. ಜಾಯಿಂಟ್ ಅಕೌಂಟಿನ ಹಾಗೆ. ಎರಡನೆಯ ಸಹಿಗಾಗಿ ಭಾವ ರಾತ್ರಿಯಿಡೀ ಫೋನು ನೋಡುತ್ತ ಜಗಲಿಯಲ್ಲಿ ಕೂತಿರುತ್ತಾರೆ. ಕೆಲವು ಹುಳುಗಳ ಜಾತಿ ಫೋಟೊದಲ್ಲಿ ತಿಳಿಯುವುದೇ ಇಲ್ಲವಂತೆ, ಜನನಾಂಗವನ್ನು ಬಿಡಿಸಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕಂತೆ. ಇದನ್ನು ಅವರು ಹೇಳಿದ್ದು ಅಮ್ಮ ಪಾಯಸ ಬಡಿಸುವಾಗ.

ಅಮ್ಮನ ವರ್ಗೀಕರಣದಲ್ಲಿ ಈ ತೊಡಕಿಲ್ಲ. ಕಚ್ಚುವುದು, ಕಚ್ಚದ್ದು, ಅಕ್ಕಿಗೆ ಬೀಳುವುದು, ಮೂರೇ ಜಾತಿ. ಇಬ್ಬರಿಗೂ ಜಟಾಪಟಿಯಾದದ್ದು ಕರಿಬೇವಿನ ಗಿಡದ ವಿಷಯಕ್ಕೆ. ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಅಂಟಿಕೊಂಡದ್ದನ್ನು ಅಮ್ಮ ಕೊಡವಲು ಹೋದರೆ ಭಾವ ಅಡ್ಡ ನಿಂತರು. “ಅತ್ತೆ, ಅದು ಹಿಕ್ಕೆ ಅಲ್ಲ, ಪಪಿಲಿಯೊ ಪಾಲಿಟಿಸ್ ಲಿನೇಯಸ್ 1758!” ಇಸವಿಯೂ ಹೆಸರಿನ ಬಾಲವೇ, ಬಿಡುವಂತಿಲ್ಲ. ಹುಳ ದೊಡ್ಡದಾಗಿ ಹಸಿರಾಯಿತು. ಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕವಲುಕೊಂಬು ಹೊರಚಾಚಿ ಗಬ್ಬುವಾಸನೆ ಬಿಡುತ್ತಿತ್ತು. ಹದಿನೈದು ದಿನ ನಮ್ಮ ಸಾರಿಗೆ ಕರಿಬೇವಿಲ್ಲದ ಒಗ್ಗರಣೆ. “ಅಳಿಯಂದ್ರು ಸಾಕಿದ್ದಲ್ವಾ, ತಿನ್ಲಿ” ಎಂದು ಅಮ್ಮ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಕುಕ್ಕುತ್ತಿದ್ದಳು. ಹೊರಬಂದ ಚಿಟ್ಟೆ ಹೆಣ್ಣು, ಅದೂ ಕಾಮನ್ ರೋಸ್ ಚಿಟ್ಟೆಯ ವೇಷದ್ದು. ರೋಸಿನ ಮೈ ಕೆಂಪು, ಇದರದು ಕಪ್ಪು. ಭಾವನ ಕಣ್ಣು ತಪ್ಪಲಿಲ್ಲ. ಆ ದಿನ ಅವರ ನಡಿಗೆಯೇ ಬೇರೆ.

ಕಣ್ಣು ತಪ್ಪಿದ್ದು ಚಗಳಿ ಇರುವೆಯ ವಿಷಯದಲ್ಲಿ. “ಈಕೋಫಿಲ್ಲಾ ಸ್ಮರಾಗ್ಡಿನಾ ಬೇಕಲ್ಲ” ಎಂದು ಇವರು ಮರ ಮರ ಹುಡುಕುವಾಗ ಕೆಲಸದಾಳು, “ಚಗಳಿನಾ? ಚಟ್ನಿ ಮಾಡೋಕಾ ಅಯ್ಯಾ?” ಎಂದು ಹಲಸಿನ ಮರ ತೋರಿಸಿದ್ದ. ಅಲ್ಲಿ ಸಿಕ್ಕಿತು: ಒಂದು ಚಗಳಿ ಇನ್ನೊಂದನ್ನು ಬಾಯಲ್ಲಿ ಕಚ್ಚಿ ಹೊತ್ತು ನಡೆದಿದೆ. ಮಧ್ಯಾಹ್ನದೊಳಗೆ ಚಿತ್ರ ಬಂಧುಬಳಗದ ವಾಟ್ಸಾಪಿಗೆ ಹೋಯಿತು: “ಗಾಯಗೊಂಡ ಗೆಳೆಯನನ್ನು ಹೊತ್ತ ಶ್ರಮಜೀವಿ. ಮನುಷ್ಯರು ಕಲಿಯಲಿ.” ಚಿಕ್ಕಮ್ಮ ಅದಕ್ಕೆ ಗುಲಾಬಿ ಅಂಟಿಸಿ ಶುಭೋದಯ ಮಾಡಿದಳು.

ರಾತ್ರಿ ಮೂರನೇ ಕ್ಲಾಸಿನ ನನ್ನ ಮಗ ಲ್ಯಾಪ್‌ಟಾಪಿಗೆ ಬೆರಳಿಟ್ಟು ಎಣಿಸಿದ. “ಮಾವ, ಇರುವೆಗೆ ಎಂಟು ಕಾಲಾ?”

ಭಾವ ದೊಡ್ಡದು ಮಾಡಿ ನೋಡಿದರು. ಮುಂದಿನೆರಡು ಕಾಲನ್ನು ಮೀಸೆಯಂತೆ ಎತ್ತಿಕೊಂಡು ಚಗಳಿಯ ಸೋಗು ಹಾಕಿದ ನೆಗೆಯುವ ಜೇಡ ಅದು. ಹೊತ್ತ ಗೆಳೆಯ ಎಂದುಕೊಂಡದ್ದು ಗಂಡುಜೇಡದ ಉದ್ದನೆಯ ದವಡೆ. ಬೇಜಾರಾಗುತ್ತಾರೇನೋ ಎಂದು ನಾವೆಲ್ಲ ಸುಮ್ಮನಿದ್ದೆವು. ಭಾವ ಕನ್ನಡಕ ತೆಗೆದು ಒರೆಸಿದರು. “31 ವರ್ಷದಲ್ಲಿ ಒಂದು ಕಳ್ಳಸಹಿ ಪಾಸು ಮಾಡಿಲ್ಲ ನಾನು. ನೋಡೋ, ಕಳ್ಳಸಹಿ ಅಂದ್ರೆ ಹೀಗಿರಬೇಕು!” ಸಂತೋಷಕ್ಕೆ ಎರಡು ಸಲ ಕಾಫಿ ಆಯಿತು. ಬಳಗದಲ್ಲಿ ಮಾತ್ರ ಆ ಶುಭೋದಯ ಇವತ್ತಿಗೂ ತಿರುಗುತ್ತಿದೆ.

ನನ್ನ ತಂಗಿಯ ಮದುವೆಯ ದಿನ ಫೋಟೊದವನ ಗಾಡಿ ಘಾಟಿಯಲ್ಲಿ ಕೆಟ್ಟು ನಿಂತಿತು. ಮುಹೂರ್ತ ಕಾಯುತ್ತದೆಯೇ? ಧಾರೆಯ ಹೊತ್ತಿಗೆ ಕ್ಯಾಮೆರಾ ಭಾವನ ಕೈಗೆ. ಆಲ್ಬಮ್ಮಿನಲ್ಲಿ ಈಗ ಆ ಪುಟದ ತುಂಬ ಹೊಂಬಾಳೆಯ ಒಂದು ಎಸಳು, ಅದರ ತುದಿಗೆ ಕಡಲೆಬೇಳೆಯಷ್ಟು ಹಸಿರು ಮಿರುಗುವ ಜೀರುಂಡೆ, ಮೀಸೆಯ ಗಂಟುಗಳನ್ನು ಎಣಿಸಬಹುದು. ಅದರ ಹಿಂದೆ ಮಂಜು ಮಂಜಾಗಿ ಏನೋ ಕೆಂಪು, ಏನೋ ಬಿಳಿ, ಅವರೇ ವಧೂವರರು.

ಆಲ್ಬಮ್ ತಿರುವುತ್ತಿದ್ದ ಬೀಗರು ಆ ಪುಟದಲ್ಲಿ ನಿಂತರು. “ಇವರು ಯಾರ ಕಡೆಯವರು?” ಎಂದು ನಕ್ಕು ಕೇಳಿದರು.

ಭಾವ ನಗಲಿಲ್ಲ. ಆಲ್ಬಮ್ಮನ್ನು ಈಸಿಕೊಂಡು ಬೆಳಕಿಗೆ ಹಿಡಿದು, “ಅದೇ ತಾಳೆ ಆಗ್ತಿಲ್ಲ” ಅಂದರು.