ಅತ್ತೆಮ್ಮನ್ನ ಮಲಗಿಸಬೇಡ ಜಯಕ್ಕ

ಜಯಕ್ಕ, ಜ್ವರ ಬಿಡ್ತು, ಕಫ ಕರಗ್ತು, ಡಿಸ್ಚಾರ್ಜ್ ಮಾಡಿ ಕಳಿಸಿದ್ರು, ಎಲ್ಲಾ ಸರಿ. ಆದ್ರೆ ನಿನ್ನೆ ಸಂಜೆ ಅತ್ತೆಮ್ಮ ಜಗುಲಿಯಿಂದ ಏಳೋದನ್ನ ನೋಡ್ದೆ ಕಣಕ್ಕ. ಎರಡೂ ಕೈಯಲ್ಲಿ ಕಂಬ ತಬ್ಬಿ ಅರ್ಧಕ್ಕೆ ಎದ್ರು, ತೊಡೆ ನಡುಗ್ತು, ಹಂಗೇ ಕುಸಿದು ಕೂತ್ರು. ಆಸ್ಪತ್ರೆಗೆ ಹೋಗೋ ಮುಂಚೆ ಕೊಟ್ಟಿಗೆ ಬಾಚಿ, ಹಸುಗೆ ಹುಲ್ಲು ಹಾಕ್ತಿದ್ದ ಜೀವ ಅದು.

ವಯಸ್ಸಾಯ್ತಲ್ಲ ಅಂತೀಯ. ವಯಸ್ಸು ಹೋಗುವಾಗ್ಲೂ ಇತ್ತಲ್ಲಕ್ಕ. ಇದು ಮಲಗಿದ್ದಕ್ಕೆ ಬಂದ ನಿತ್ರಾಣ. ಅಮೆರಿಕದಲ್ಲಿ ಒಂದು ಪ್ರಯೋಗ ಮಾಡಿದ್ರು, 2007ರಲ್ಲಿ ಪ್ರಕಟವಾಯ್ತು. ಸುಮಾರು 67 ವರ್ಷದ ಆರೋಗ್ಯವಂತರನ್ನ 10 ದಿನ ಹಾಸಿಗೆ ಮೇಲೇ ಇರಿಸಿದ್ರು. ಕಾಯಿಲೆ ಇಲ್ಲ, ಊಟಕ್ಕೆ ಕೊರತೆ ಇಲ್ಲ. ಆದ್ರೂ ಕಾಲಿನ ಮಾಂಸ ಹೆಚ್ಚುಕಮ್ಮಿ 1 ಕೆಜಿ ಇಳಿದಿತ್ತು. ಕಾಯಿಲೆ ಬಿದ್ದವರ ಗತಿ ಇನ್ನೇನು ಹೇಳು.

ಮಾಂಸಖಂಡ ದಿನಾ ಸವೆಯುತ್ತೆ, ದಿನಾ ಕಟ್ಟಿಕೊಳ್ಳುತ್ತೆ. ಕಾಲು ಮೈಭಾರ ಹೊರದಿದ್ರೆ ಕಟ್ಟೋ ಕೆಲಸ ಕುಂಟುತ್ತೆ. ಸೋಂಕು ಇದ್ರೆ ಸವೆತ ಜಾಸ್ತಿ. ಇತ್ತ ಬಾಯಿ ರುಚಿ ಇಲ್ಲ, ಸ್ಕ್ಯಾನಿಂಗ್ ಅಂತ ಖಾಲಿ ಹೊಟ್ಟೆ, ನಾವು ಕೊಡೋದು ಬ್ರೆಡ್ಡು, ಗಂಜಿ. ಡ್ರಿಪ್ಪು, ಯೂರಿನ್ ಪೈಪು ಮಂಚಕ್ಕೆ ಕಟ್ಟಿಹಾಕುತ್ತೆ. ಮೇಲಿಂದ "ಏಳಬ್ಯಾಡಿ, ಬಿದ್ದೀರ" ಅಂತ ನಾವೂ ತಡೀತೀವಿ. ಅಕ್ಕರೆಯಿಂದಲೇ ಹೇಳೋದು, ನಿಜ. ಆದ್ರೆ ಕಾಲಿನ ಬಲ ಹೋದ ಮೇಲೇ ಬೀಳೋ ಭಯ ಹೆಚ್ಚು.

ಸ್ಪೇನಿನ ಪಾಂಪ್ಲೋನಾದಲ್ಲಿ 75 ದಾಟಿದ 370 ರೋಗಿಗಳನ್ನ ಎರಡು ಗುಂಪು ಮಾಡಿ ನೋಡಿದ್ರು. ಒಂದು ಗುಂಪಿಗೆ ಆಸ್ಪತ್ರೆಯಲ್ಲೇ ಬೆಳಿಗ್ಗೆ ಸಂಜೆ ವ್ಯಾಯಾಮ ಮಾಡಿಸಿದ್ರು. ಅವರು ತಮ್ಮ ಕೆಲಸ ತಾವು ಮಾಡಿಕೊಳ್ಳೋ ಶಕ್ತಿ ಉಳಿಸಿಕೊಂಡ್ರು, ಮಾಮೂಲಿ ಆರೈಕೆಯವರಿಗೆ ಅದು ಕುಗ್ಗಿತು. ಅಲ್ಲಿ ಇದಕ್ಕೆ ತರಬೇತಿ ಪಡೆದವರು ಬೇಕಾದ್ರು. ನಮಗೆ ಅಂಥವರು ಸಿಗದಿದ್ರೂ ನಾವಿದ್ದೀವಲ್ಲ. ನಮ್ಮ ಸಂತೆಬಾಚಹಳ್ಳಿಯವರು ಕೆ.ಆರ್.ಪೇಟೆಗೆ ಹೋಗಲಿ, ಬಿ.ಜಿ. ನಗರಕ್ಕೆ ಹೋಗಲಿ, ಮಂಡ್ಯದ ಮಿಮ್ಸ್ ಆಸ್ಪತ್ರೆಗೇ ಹೋಗಲಿ, ಮಂಚದ ಪಕ್ಕ ಮಗಳೋ ಸೊಸೆಯೋ ಇದ್ದೇ ಇರ್ತಾರೆ. ಡಾಕ್ಟ್ರು ಹೂಂ ಅಂದ ದಿನದಿಂದ ಕೈ ಹಿಡಿದು ಬಾತ್‌ರೂಮಿನ ತನಕ ನಡೆಸೋದು, ಊಟಕ್ಕೆ ಕಾಲು ಇಳಿಬಿಟ್ಟು ಕೂರಿಸೋದು ನಮ್ಮ ಕೈಲಾಗೋ ಕೆಲಸ.

ಈಗಲೂ ಹೊತ್ತು ಮೀರಿಲ್ಲ. ಗಟ್ಟಿ ಕುರ್ಚಿ ಗೋಡೆಗೆ ಒತ್ತಿಡು. ಊಟಕ್ಕೆ ಮುಂಚೆ ಅದರಿಂದ ಆದಷ್ಟು ಸಲ ಎಬ್ಬಿಸಿ ಕೂರಿಸು, ನೀನು ಪಕ್ಕದಲ್ಲೇ ನಿಂತಿರು. ತಲೆ ಸುತ್ತಿದ್ರೆ ನಿಲ್ಲಿಸು. ಬರೀ ಮುದ್ದೆ ಸಾರು ಸಾಲದು. ಚೇತರಿಸಿಕೊಳ್ಳೋ ಹಿರಿಯರಿಗೆ ಮೈತೂಕದ ಕೆಜಿಗೆ 1.2 ಗ್ರಾಂನಷ್ಟಾದ್ರೂ ಪ್ರೋಟೀನ್ ಬೇಕು. ಅತ್ತೆಮ್ಮ 50 ಕೆಜಿ ಇದ್ರೆ ದಿನಕ್ಕೆ 60 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ, 100 ಗ್ರಾಂ ಒಣ ಹುರುಳಿಕಾಳಲ್ಲಿ 20ರ ಮೇಲೆ. ಹುರುಳಿ ಬಸ್ಸಾರು ಮಾಡಿದಾಗ ಕಾಳಿನ ಪಲ್ಯ ಅವರಿಗೇ ಹೆಚ್ಚು ಬಡಿಸು. ಹಾಲು, ಮೊಸರು ಕೊಡು. ಕಿಡ್ನಿ ತೊಂದರೆ ಇದ್ರೆ ಮಾತ್ರ ಡಾಕ್ಟ್ರನ್ನ ಕೇಳಿಯೇ ಕೊಡು.

ಯಾರ ಮನೆ ಹಿರಿಯರು ಅಡ್ಮಿಟ್ ಆದ್ರೂ, ಯಾವಾಗ ಮನೆಗೆ ಕಳಿಸ್ತೀರಿ ಅಂತ ಕೇಳೋ ಮುಂಚೆ ಯಾವಾಗ ಎಬ್ಬಿಸಿ ನಡೆಸಬಹುದು ಅಂತ ಕೇಳಬೇಕು ಕಣಕ್ಕ.