ಒಂಬತ್ತು ವ್ಯಾಟಿನ ಬಾಮೈದ

ಕೈಯಲ್ಲಿ ಹಿಡಿದು ಆಡುವ ಗೇಮಿಂಗ್ ಕನ್ಸೋಲ್ ಕೊಂಡವರನ್ನು ಗುರುತಿಸುವುದು ಸುಲಭ. ಅವರು ಆಡುತ್ತಿರುವುದಿಲ್ಲ, ಆಡಲು ಸಿದ್ಧತೆ ಮಾಡಿಕೊಳ್ಳುತ್ತಿರುತ್ತಾರೆ. ವಯಸ್ಸು ಮೂವತ್ತು ದಾಟಿರುತ್ತದೆ, ಕೈಯಲ್ಲಿ ಭದ್ರವಾದ ಕೆಲಸವಿರುತ್ತದೆ, ಮನೆಯ ಟಿವಿ ಕೆಳಗೆ ಆಗಲೇ ಇನ್ನೊಂದು ದೊಡ್ಡ ಕನ್ಸೋಲ್ ದೂಳು ತಿನ್ನುತ್ತಿರುತ್ತದೆ. ಇದ್ಯಾಕಪ್ಪ ಇನ್ನೊಂದು ಎಂದು ಕೇಳಿದರೆ ಸಿದ್ಧ ಉತ್ತರ: "ಅದು ಮನೆಗೆ, ಇದು ಟ್ರಾವೆಲ್‌ಗೆ." ಟ್ರಾವೆಲ್ ಎಂದರೆ ಜಯನಗರದಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್‌ನಲ್ಲಿ ಗಾಡಿ ಬದಲಿಸಿ, ವೈಟ್‌ಫೀಲ್ಡ್ ಮುಟ್ಟುವುದು. ಒಂದು ಕಾಲೂರಲು ಜಾಗ ಸಿಕ್ಕರೆ ಪುಣ್ಯ ಎನ್ನುವ ಆ ಬೋಗಿಯಲ್ಲಿ ಈ ಯಂತ್ರಕ್ಕೆ ಎರಡೂ ಕೈ ಬೇಕು. ಮೇಲಿನ ಹಿಡಿಕೆಗೆ ಮೂರನೆಯ ಕೈ ಎಲ್ಲಿಂದ ತರುವುದು ಎಂಬ ಪ್ರಶ್ನೆ ದುಡ್ಡು ಕೊಟ್ಟಾಗುವ ತನಕ ಯಾರಿಗೂ ಹೊಳೆಯುವುದಿಲ್ಲ.

ಒಂದು ಇಡೀ ವರ್ಗದ ಬಗ್ಗೆ ಬರೆಯಬೇಕೆಂದೇ ಕೂತಿದ್ದೇನೆ. ಆದರೆ ಬರೆದಲ್ಲೆಲ್ಲ ನನ್ನ ಬಾಮೈದನೇ ಬಂದು ನಿಲ್ಲುತ್ತಿದ್ದಾನೆ. ನಿಲ್ಲಲಿ, ಅವನ ಹೆಸರನ್ನಂತೂ ಹೇಳುವುದಿಲ್ಲ. ಹೇಳಿದರೆ ಮನೆಯಲ್ಲಿ ಊಟ ಹುಟ್ಟುವುದಿಲ್ಲ.

ಸ್ಟೀಮ್ ಡೆಕ್ ಎಂಬ ಯಂತ್ರ 2022ರ ಫೆಬ್ರವರಿಯಲ್ಲಿ ಬಂದಾಗ ಅದು ಮಾರಾಟವಾಗುವ ದೇಶಗಳ ಪಟ್ಟಿಯಲ್ಲಿ ಭಾರತ ಇರಲಿಲ್ಲ. ಸಿಗುವುದಿಲ್ಲ ಎಂದಾದ ಮೇಲೆ ಬೇಕೇಬೇಕು ಎನಿಸುವುದು ಮನುಷ್ಯ ಸ್ವಭಾವ. ಅಂದಿನಿಂದ ಬಾಮೈದನಿಗೆ ವಿದೇಶದ ಬಂಧುಗಳ ಮೇಲೆ ಅಕ್ಕರೆ ಉಕ್ಕಿತು. ನ್ಯೂಜೆರ್ಸಿಯ ದೊಡ್ಡಮ್ಮನ ಮಗಳ ಮದುವೆಗೆ ರಜೆ ಸಿಗಲಿಲ್ಲವೆಂದು ಹೋಗದವನು ಈಗ ಅವಳ ಮಂಡಿನೋವು ವಿಚಾರಿಸಲು ಫೋನ್ ಮಾಡಿದ. ಮಾತಿನ ಕೊನೆಗೆ, "ಬರೀ 669 ಗ್ರಾಂ ಅಕ್ಕ, ಹ್ಯಾಂಡ್ ಬ್ಯಾಗಲ್ಲೇ ಹಿಡಿಯುತ್ತೆ" ಎಂದ. ಡಬ್ಬ, ಚಾರ್ಜರು, ಪೌಚು ಎಲ್ಲ ಸೇರಿ ಎಷ್ಟು ಜಾಗ ಹಿಡಿಯಿತೋ, ಆ ಸಲ ನಮಗ್ಯಾರಿಗೂ ಚಾಕೊಲೇಟ್ ಬರಲಿಲ್ಲ.

ಇದಕ್ಕೂ ಮೊದಲು ಅವನಲ್ಲಿ ನಿಂಟೆಂಡೊ ಸ್ವಿಚ್ ಇತ್ತು. ಅದರ ಪುಟಾಣಿ ಕಾರ್ಟ್ರಿಜ್‌ಗಳನ್ನು ಮಕ್ಕಳು ನುಂಗದಿರಲೆಂದು ಕಂಪನಿಯವರು ವಿಪರೀತ ಕಹಿಯಾದ ಡೆನಟೋನಿಯಂ ಬೆಂಜೊಯೇಟ್ ಲೇಪಿಸಿರುತ್ತಾರೆ. ಗಾಂಧಿನಗರದ ಅಂಗಡಿಯೊಂದರಲ್ಲಿ ಇವನು ಸೆಕೆಂಡ್ ಹ್ಯಾಂಡ್ ಕಾರ್ಟ್ರಿಜ್ ಕೈಗೆತ್ತಿಕೊಂಡು ನಾಲಿಗೆಗೆ ತಾಗಿಸಿ, ಮುಖ ಕಿವುಚಿ, "ಒರಿಜಿನಲ್" ಎಂದು ತೀರ್ಪು ಕೊಟ್ಟ. ಅಂಗಡಿಯವನು ನನ್ನ ಕಡೆ ನೋಡಿದ. ನಾನು ಬೀದಿಯ ಕಡೆ ನೋಡಿದೆ.

ಡೆಕ್ ಮನೆಗೆ ಬಂದ ಮೊದಲ ವಾರ ಅದರ ಶೃಂಗಾರದಲ್ಲೇ ಕಳೆಯಿತು. ಪೌಚು, ಡಾಕು, ಮೆಮೊರಿ ಕಾರ್ಡು, ಹೆಬ್ಬೆರಳಿನ ಗುಂಡಿಗೆ ರಬ್ಬರ್ ಟೋಪಿ. ಸ್ಕ್ರೀನ್ ಗಾರ್ಡ್ ಅಂಟಿಸುವಾಗ ಒಂದು ಕಣ ದೂಳೂ ಹಾರಬಾರದಂತೆ, ಅದಕ್ಕೆ ಬಚ್ಚಲುಮನೆಯಲ್ಲಿ ಬಿಸಿನೀರು ಬಿಟ್ಟು ಹಬೆ ತುಂಬಿಸಿಕೊಂಡು ಒಳಗಿನಿಂದ ಚಿಲಕ ಹಾಕಿಕೊಂಡ. ಆಫೀಸಿಗೆ ಹೊತ್ತಾಗಿದ್ದ ನಾನು ಟವೆಲ್ ಉಟ್ಟುಕೊಂಡು ಹೊರಗೆ ನಿಂತಿದ್ದೆ. ಆಮೇಲೆ ಬಂದವರಿಗೆಲ್ಲ ಅದನ್ನು ಬಾಣಂತಿಮನೆಯ ಕೂಸಿನ ಹಾಗೆ ತೋರಿಸುತ್ತಿದ್ದ: ನೋಡಿ ಚೆನ್ನಾಗಿದೆ ಅನ್ನಬಹುದು, ಕೈಗೆ ಕೊಡುವುದಿಲ್ಲ.

ಇನ್ನು ವ್ಯಾಟಿನ ವಿಷಯ. ನನ್ನ ಆಯುಷ್ಯ ಕಡಿಮೆ ಮಾಡಿದ್ದು ಇದೇ. ಡೆಕ್‌ನ ಪ್ರೊಸೆಸರ್ ಎಷ್ಟು ವಿದ್ಯುತ್ ಕುಡಿಯಬೇಕೆಂದು ನಾವೇ ಗೊತ್ತು ಮಾಡಬಹುದು, ಮೂರು ವ್ಯಾಟಿನಿಂದ ಹದಿನೈದರವರೆಗೆ. ಕಡಿಮೆ ಕುಡಿದರೆ ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ, ಚಿತ್ರ ತಡವರಿಸುತ್ತದೆ. ಎಷ್ಟು ವ್ಯಾಟು, ಎಷ್ಟು ಬಿಸಿ, ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಅಂಕಿಗಳನ್ನು ಪರದೆಯ ಮೂಲೆಯಲ್ಲಿ ಸದಾ ಕಾಣುವಂತೆ ಇಟ್ಟುಕೊಳ್ಳಲೂಬಹುದು. ಈ ಸೌಲಭ್ಯ ಕೊಟ್ಟವರು ನನ್ನ ಬಾಮೈದನಂಥವರನ್ನು ಕಂಡಿರಲಾರರು. ಪರದೆಯ ನಡುವೆ ರಾಕ್ಷಸ ಕತ್ತಿ ಬೀಸುತ್ತಿದ್ದರೂ ಇವನ ಕಣ್ಣು ಮೂಲೆಯಲ್ಲಿ. "ಭಾವ, ಒಂಬತ್ತೇ ವ್ಯಾಟಲ್ಲಿ ನಲವತ್ತು ಎಫ್‌ಪಿಎಸ್! ನೋಡಿ, ನೋಡಿ!" ನಾನು ನೋಡುವ ಹೊತ್ತಿಗೆ ನಾಯಕ ಸತ್ತಿರುತ್ತಾನೆ.

ಒಮ್ಮೆ ಇವನೊಡನೆ ಮೈಸೂರಿನ ಗೃಹಪ್ರವೇಶಕ್ಕೆ ರೈಲಿನಲ್ಲಿ ಹೊರಟೆ. ಕೊನೆಗೂ ನಿಜವಾದ ಟ್ರಾವೆಲ್! ಕೆಂಗೇರಿ ದಾಟುವ ಮೊದಲೇ ಪೌಚಿನಿಂದ ಡೆಕ್ ಹೊರಬಂತು. ಆನ್ ಮಾಡಿದರೆ ಆಟಕ್ಕೆ ಅಪ್‌ಡೇಟ್ ಬೇಕಂತೆ. "ಭಾವ, ನಿಮ್ಮ ಹಾಟ್‌ಸ್ಪಾಟ್ ಕೊಡ್ತೀರಾ? ಎರಡೇ ನಿಮಿಷ." ಬಿಡದಿಯಲ್ಲಿ ನನ್ನ ಆ ದಿನದ ಡೇಟಾ ಮುಗಿಯಿತು. ರಾಮನಗರದಲ್ಲಿ "ಶೇಡರ್ ಪ್ರೊಸೆಸ್ ಆಗ್ತಿದೆ" ಎಂದ. ಶೇಡರ್ ಎಂದರೇನೆಂದು ಕೇಳಿದ್ದು ನನ್ನ ದುರ್ಬುದ್ಧಿ, ಚನ್ನಪಟ್ಟಣದವರೆಗೆ ವಿವರಿಸಿದ. ಅಲ್ಲಿಂದ ವ್ಯಾಟು ಏರಿಸುವುದು, ಇಳಿಸುವುದು. ಅಷ್ಟರಲ್ಲಿ ಮದ್ದೂರು ವಡೆ ಬಂತು.

ವಡೆ ಕಂಡು ಸುಮ್ಮನಿರುವವನಲ್ಲ. ಆದರೆ ಎಣ್ಣೆ ಕೈಯಲ್ಲಿ ಡೆಕ್ ಮುಟ್ಟುವಂತಿಲ್ಲ, ಹೊಸ ಸೆಟ್ಟಿಂಗ್ ಬಿಟ್ಟು ಕೈ ಎತ್ತುವಂತೆಯೂ ಇಲ್ಲ. "ಭಾವ..." ಎಂದು ಬಾಯಿ ತೆರೆದ. ತುಂಬಿದ ಬೋಗಿಯಲ್ಲಿ, ಮೂವತ್ತೈದರ, ಮೀಸೆ ಹೊತ್ತ ಗಂಡಸಿಗೆ ನಾನು ವಡೆ ಮುರಿದು ಮುರಿದು ತುತ್ತು ಕೊಟ್ಟೆ. ಈರುಳ್ಳಿ ಚೂರು ಪರದೆಯ ಮೇಲೆ ಬಿದ್ದಾಗ ಬೈಸಿಕೊಂಡೆ ಕೂಡ. ಎದುರಿಗೆ ಕೂತಿದ್ದ ಹಿರಿಯ ಹೆಂಗಸು ಬಹಳ ಹೊತ್ತು ತಡೆದುಕೊಂಡು, ಕೊನೆಗೆ ಮರುಕದಿಂದ ಕೇಳಿದರು: "ಹುಟ್ಟಿದಾಗಿಂದ ಹೀಗೇನಾ?" ನಾನು ಹೌದು ಎಂದೆ. ಅವರು ತಮ್ಮ ಪಾಲಿನ ಒಂದು ವಡೆಯನ್ನೂ ಅವನಿಗೇ ಕೊಟ್ಟರು. ಶ್ರೀರಂಗಪಟ್ಟಣ ಬಂದಾಗ, "ಈಗ ಪರ್ಫೆಕ್ಟ್ ಆಯ್ತು, ಆಡಬಹುದು" ಎಂದು ತೃಪ್ತಿಯಿಂದ ಡೆಕ್ ಆಫ್ ಮಾಡಿ ಪೌಚಿಗೆ ಹಾಕಿದ.

1989ರಲ್ಲಿ ನಿಂಟೆಂಡೊದವರು ಗೇಮ್ ಬಾಯ್ ತಂದಾಗ ಅದರ ಪರದೆಗೆ ಬಣ್ಣವಿರಲಿಲ್ಲ, ಹಿಂದಿನಿಂದ ಬೆಳಕೂ ಇರಲಿಲ್ಲ. ರೂಪಿಸಿದ ಗುನ್‌ಪೆ ಯೊಕೊಯಿ ಹಳೆಯ, ಅಗ್ಗದ, ಪಳಗಿದ ಬಿಡಿಭಾಗಗಳನ್ನೇ ನಂಬಿದ್ದವರು. ನಾಲ್ಕು ಪೆನ್ಸಿಲ್ ಸೆಲ್ಲಿನಲ್ಲಿ ಗಂಟೆಗಟ್ಟಲೆ ಓಡುತ್ತಿತ್ತು. ಬಣ್ಣದ ಪರದೆ ಹೊತ್ತು ಮರುವರ್ಷ ಬಂದ ಸೆಗಾ ಕಂಪನಿಯ ಗೇಮ್ ಗಿಯರ್ ಆರು ಸೆಲ್ ತಿಂದೂ ಬೇಗ ಸುಸ್ತಾಗುತ್ತಿತ್ತು, ಮಾರಾಟದಲ್ಲೂ ಹಿಂದೆ ಬಿತ್ತು. ನನಗೆ ಇಷ್ಟವಾಗುವುದು ಬೇರೊಂದು ಸಂಗತಿ. ಗೇಮ್ ಬಾಯ್‌ನಲ್ಲಿ ಹೊಂದಿಸಿಕೊಳ್ಳಲು ಇದ್ದವು ಎರಡೇ ತಿರುಪು, ಒಂದು ಪರದೆಯ ಗಾಢತೆಗೆ, ಇನ್ನೊಂದು ಸದ್ದಿಗೆ. ಅವೆರಡನ್ನೂ ತಿರುಗಿಸಿ ಮುಗಿದ ಮೇಲೆ ಪಾಪ, ಜನ ಆಡಲೇಬೇಕಾಗಿತ್ತು.

ನಮ್ಮ ಕಡೆ ಗೇಮ್ ಬಾಯ್ ಬರಲಿಲ್ಲ. ಬಂದದ್ದು ಬ್ರಿಕ್ ಗೇಮ್, ಡಬ್ಬದ ಮೇಲೆ 9999 ಆಟ ಎಂದು ಬರೆದಿರುತ್ತಿದ್ದ, ಒಳಗೆ ಬೆರಳೆಣಿಕೆಯಷ್ಟು ಆಟವಿರುತ್ತಿದ್ದ ಚೀನಾ ಮಾಲು. ಬಾಮೈದನಿಗೆ ತಿಪಟೂರಿನ ಜಾತ್ರೆಯಲ್ಲಿ ಅಮ್ಮ ಕೊಡಿಸಿದ್ದು. ಸೆಲ್ ಮುಗಿದರೆ ಬಿಸಿಲಿಗಿಟ್ಟು ಕಾಯಿಸುವುದು, ಹಲ್ಲಲ್ಲಿ ಕಚ್ಚುವುದು, ಆಗಲೂ ಓಡದಿದ್ದರೆ ಗೋಡೆ ಗಡಿಯಾರದ್ದನ್ನು ಕಳಚುವುದು. ಗಡಿಯಾರ ನಿಂತು ಅಪ್ಪನಿಗೆ ಬಸ್ ತಪ್ಪಿದ ದಿನ ಏಟು ಬಿದ್ದವು. ಅಂಥ ಸಾಯುವ ಸೆಲ್ಲಿನಲ್ಲಿ, ಹಾಸಿಗೆಯೊಳಗೆ ಸದ್ದು ಮಾಡದೆ ಆಡುತ್ತಿದ್ದನಂತೆ. ಇದನ್ನೆಲ್ಲ ಹೇಳಿದವಳು ನನ್ನ ಹೆಂಡತಿ. ಅವನಾಗಿ ಯಾವತ್ತೂ ಹೇಳಿದವನಲ್ಲ. ಈಗ ಅವನಿಗೆ ರಾತ್ರಿ ಹತ್ತರ ತನಕ ಅಮೆರಿಕದ ಜೊತೆ ಮೀಟಿಂಗು, ಆಮೇಲೆ ಮಗುವನ್ನು ಮಲಗಿಸುವುದು, ಉಳಿದ ಹೊತ್ತಿನಲ್ಲಿ ಕಣ್ಣು ತೂಗುತ್ತದೆ. ದೊಡ್ಡ ಆಟ ಶುರು ಮಾಡಲು ಅಷ್ಟು ಸಮಯ ಎಲ್ಲಿದೆ? ಸೆಟ್ಟಿಂಗ್ ಬದಲಿಸಲು ಹತ್ತು ನಿಮಿಷ ಸಾಕು. ಅರ್ಧ ಬೆಲೆಯ ಸೇಲ್ ಬಂದಾಗಲೆಲ್ಲ ಅವನು ಆಟ ಕೊಳ್ಳುವುದನ್ನು ಕಂಡು ನಾನು ನಕ್ಕಾಗ ಹೆಂಡತಿ ಏನೂ ಅನ್ನಲಿಲ್ಲ. ನವೆಂಬರಿನ ರಾಜ್ಯೋತ್ಸವ ರಿಯಾಯಿತಿಯಲ್ಲಿ ನಾನು ತಂದು ಪೇರಿಸಿದ ಪುಸ್ತಕಗಳ ಕಪಾಟನ್ನು ಒಂದು ಸಲ ಒರೆಸಿದಳು, ಅಷ್ಟೆ.

ಆ ಡೆಕ್‌ನಲ್ಲಿ ನಿಜವಾಗಿ ಆಡಿದವರು ಒಬ್ಬರೇ, ನನ್ನ ಮಾವ. ತೆಂಗಿನ ತೋಟ ನೋಡಿಕೊಳ್ಳುವ ಮನುಷ್ಯ, ಕಣ್ಣಿನ ಆಪರೇಷನ್ನಿಗೆಂದು ಬೆಂಗಳೂರಿಗೆ ಬಂದಿದ್ದರು. ಪೊರೆ ತೆಗೆಸಿಕೊಂಡು ಕಣ್ಣು ನಿಚ್ಚಳವಾದ ಮೇಲೆ ಮಗನ ಕೈಯಲ್ಲಿ ಕಂಡದ್ದು ಸ್ಟಾರ್‌ಡ್ಯೂ ವ್ಯಾಲಿ ಎಂಬ ಬೇಸಾಯದ ಆಟ. ಊರಿನ ತೋಟಕ್ಕೆ ವರ್ಷಕ್ಕೊಮ್ಮೆ ಕಾಲಿಡದ ಮಗ ಅಲ್ಲಿ ಬೆಳಗ್ಗೆ ಆರಕ್ಕೆದ್ದು ಪಾರ್ಸ್ನಿಪ್ ಎಂಬ ಗೆಡ್ಡೆಗೆ ನೀರು ಹಾಕುತ್ತಿದ್ದ. ಹಾಕಿ, ಎಷ್ಟು ವ್ಯಾಟಾಯಿತು ಎಂದು ನೋಡುತ್ತಿದ್ದ. ಮಾವ ಸ್ವಲ್ಪ ಹೊತ್ತು ಸುಮ್ಮನೆ ನೋಡಿ ಅಂದರು: "ಲೋ, ಬೆರ್ಚಪ್ಪ ನಿಲ್ಲಿಸೋ. ಕಾಗೆ ಬರುತ್ತೆ."

"ಇದು ಗೇಮ್ ಅಪ್ಪ."

ಕಾಗೆ ಬಂತು, ಗಿಡ ತಿಂತು. ಆ ಆಟದಲ್ಲಿ ಬೆಳೆ ಹೆಚ್ಚಿದಾಗ ಬೆದರುಗೊಂಬೆ ಇಲ್ಲದಿದ್ದರೆ ಕಾಗೆ ಬರುವುದು ನಿಜ. ಮಾವನಿಗೆ ಆಟದ ಮೇಲೆ ಗೌರವ ಹುಟ್ಟಿದ್ದು ಆಗಲೇ. ಎರಿಕ್ ಬರೋನ್ ಎಂಬಾತ ವರ್ಷಗಟ್ಟಲೆ ಒಬ್ಬನೇ ಕೂತು ಮಾಡಿ 2016ರಲ್ಲಿ ಬಿಟ್ಟ ಆಟ ಅದು ಎಂದು ನಾನು ತಿಳಿಸಿದಾಗ, "ಅವನಿಗೂ ಆಳು ಸಿಗಲಿಲ್ಲ ಅಂತ ಕಾಣುತ್ತೆ" ಎಂದರು. ಮಗ ಆಫೀಸಿಗೆ ಹೋದ ಮೇಲೆ ಡೆಕ್ ಅವರ ಕೈಗೆ ಬರತೊಡಗಿತು. ಇಂಗ್ಲಿಷ್ ಓದಿ ಹೇಳಲು ನನ್ನ ಮಗಳು ಪಕ್ಕದಲ್ಲಿ. ಎಷ್ಟು ವ್ಯಾಟು ಎಂದು ಇಬ್ಬರೂ ಒಂದು ದಿನವೂ ನೋಡಲಿಲ್ಲ. ಬ್ಯಾಟರಿ ಮುಗಿದರೆ ಚಾರ್ಜಿಗೆ ಹಾಕಿ ಕಾಫಿ ಕುಡಿಯುತ್ತಿದ್ದರು.

ಕೊನೆಗೆ ಮಾವ ಊರಿಗೆ ಹೊರಟಾಗ ಡೆಕ್ ಕೂಡ ಹೊರಟಿತು. ಕೊಯ್ಲಿನ ಹೊತ್ತಿಗೆ ಬಿಟ್ಟುಹೋಗುವುದು ಹೇಗೆ ಎಂದರಂತೆ. ಬಾಮೈದ ಎದುರಾಡಲಿಲ್ಲ, ನೀಟಾಗಿ ಪೌಚಿಗೆ ಹಾಕಿಕೊಟ್ಟ. ನನಗೆ ಅವನ ಮೇಲೆ ಪ್ರೀತಿ ಉಕ್ಕಿತು. ಅದು ಇಳಿಯುವುದರೊಳಗೆ, ಹೊಸ ಮಾಡೆಲ್‌ನ ರಿವ್ಯೂ ಒಂದನ್ನು ನನ್ನ ಮುಂದೆ ಹಿಡಿದು, "ಭಾವ, ಇದು ಬರೀ 640 ಗ್ರಾಂ" ಎಂದ.

ಆದ್ದರಿಂದ ವಿದೇಶದಲ್ಲಿರುವ ನಮ್ಮ ಬಂಧುಗಳಲ್ಲಿ ಒಂದು ಕೋರಿಕೆ. ಊರಿಗೆ ಬನ್ನಿ, ಖಂಡಿತ ಬನ್ನಿ. ಬರುವ ತಾರೀಖನ್ನು ಮಾತ್ರ ಫ್ಯಾಮಿಲಿ ಗ್ರೂಪಿಗೆ ಹಾಕಬೇಡಿ.