ಹೆಸರಿನ ಬಾಡಗಿ

"ಏನಪಾ ತಮ್ಮಾ, ಸಬ್ಯಸಾಚಿ ಅಂದ್ರ ಊರೋ, ಮನಷ್ಯಾನೋ?"

ಹಾನಗಲ್ಲಿನ ನಮ್ಮ ಓಣಿಯಲ್ಲಿ ಬೇಲಿಯಾಚೆಯಿಂದ ಬರುವ ಪ್ರಶ್ನೆಗಳಿಗೆ ಹೊತ್ತುಗೊತ್ತಿಲ್ಲ. ಆಚೆಮನೆಯ ಅಕ್ಕಾರು ಕಟ್ಟೆಯ ಮೇಲೆ ಹಳೇ ಸೀರೆ ಹರವಿ ಕೌದಿ ಹೊಲಿಯುತ್ತಿದ್ದರು. ಹಿರೇಕೆರೂರಿನಲ್ಲಿರುವ ಅವರ ತಂಗಿಯ ಮಗಳಿಗೆ ಮದುವೆ ಗೊತ್ತಾಗಿದೆ. ಹುಡುಗಿಗೆ 'ಸಬ್ಯಸಾಚಿ ಲೆಹೆಂಗಾ'ನೇ ಬೇಕಂತೆ. ಮೊಬೈಲಿನ ಫೋಟೋ ತೋರಿಸಿ ಶಿಗ್ಗಾವಿಯ ಟೇಲರನಿಗೆ ಅಳತೆ ಕೊಟ್ಟೂ ಆಗಿದೆ.

"ಮನಷ್ಯಾನ, ಅಕ್ಕಾರ. ಕೋಲ್ಕತಾದಾಂವ, ಬಟ್ಟಿ ಡಿಸೈನ್ ಮಾಡಾಂವ. ಅವನ ಲೆಹೆಂಗಾಕ್ಕ ಲಕ್ಷಗಟ್ಟಲೆ ಎಣಸಬೇಕು."

"ಶಿಗ್ಗಾವ್ಯಾಗ ಅಷ್ಟ್ಯಾಕ ಕೊಡ್ತೀವಿ? ಹಂಗಾದ್ರ ಸಾದಾ ಮಂದಿಗೆ ಅಂವ ಏನೂ ಹೊಲದ ಕೊಡೂದಿಲ್ಲೇನು?"

ಕೊಟ್ಟಿದ್ದ, ಒಂದು ಸಲ. 2021ರ ಆಗಸ್ಟ್‌ನಲ್ಲಿ ಸ್ವೀಡನ್ನಿನ ಎಚ್ ಆಂಡ್ ಎಂ ಎಂಬ ಅಗ್ಗದ ಬಟ್ಟೆಯ ದೊಡ್ಡ ಕಂಪನಿಯ ಜೊತೆ ಸೇರಿ. ಆ ಕಂಪನಿಗೆ ಇದು ಹಳೇ ರೂಢಿ: 2004ರಲ್ಲೇ ಕಾರ್ಲ್ ಲಾಗರ್‌ಫೆಲ್ಡ್ ಎಂಬ ಘಟಾನುಘಟಿ ವಿನ್ಯಾಸಕಾರನನ್ನು ಕರೆತಂದು, ಶ್ರೀಮಂತರ ಹೆಸರನ್ನು ಸಾಮಾನ್ಯರ ಅಂಗಡಿಯಲ್ಲಿ ತೂಗುಹಾಕಿತ್ತು. ಸಬ್ಯಸಾಚಿಯ ಸರಕಿನಲ್ಲಿ ಒಂದು ಸೀರೆಯೂ ಇತ್ತು, 9,999 ರೂಪಾಯಿ. ಆನ್‌ಲೈನಿನಲ್ಲಿ ನಿಮಿಷಗಳಲ್ಲೇ ಖಾಲಿ. ಕೊಂಡವರಲ್ಲಿ ಕೆಲವರು ಅದನ್ನೇ ಇನ್ನೂ ಹೆಚ್ಚಿನ ರೇಟಿಗೆ ಮಾರಲು ಕೂತರು.

"ಹತ್ತು ಸಾವಿರಕ್ಕ ಒಂದ ರೂಪಾಯಿ ಕಮ್ಮಿ! ಇದು ಸಾದಾ ಮಂದಿ ರೇಟ?" ಅಕ್ಕಾರು ಸೂಜಿ ನಿಲ್ಲಿಸಿದರು. "ರೇಶ್ಮಿಯೇನು?"

ಅಲ್ಲ. ಆದರೆ ಜಗಳವಾದದ್ದು ಬಟ್ಟೆಗಲ್ಲ, ಅದರ ಮೇಲಿನ ಅಚ್ಚಿಗೆ. ಬಟ್ಟೆಯ ಮೇಲೆ ರಾಜಸ್ಥಾನದ ಸಾಂಗಾನೇರಿನ ಅಚ್ಚಿನ ಹೂವುಗಳಿದ್ದವು, ಆದರೆ ಸಾಂಗಾನೇರಿನ ಅಚ್ಚುಗಾರರ ಕೈ ಇರಲಿಲ್ಲ, ಮಷಿನ್ನುಗಳು ಒತ್ತಿದ್ದವು. ದಸ್ತಕಾರ್ ಮೊದಲಾದ ಕರಕುಶಲ ಸಂಸ್ಥೆಗಳು ಬಹಿರಂಗ ಪತ್ರ ಬರೆದು ಕೇಳಿದವು: ಇಷ್ಟು ದೊಡ್ಡ ಆರ್ಡರು ಆ ಕೈಗಳಿಗೆ ಸಿಕ್ಕಿದ್ದರೆ ಎಷ್ಟು ಸಂಸಾರಗಳಿಗೆ ದಾರಿಯಾಗುತ್ತಿತ್ತು? ಭಾರತದ ವಿನ್ಯಾಸವನ್ನು ಜಗತ್ತಿಗೆ ಮುಟ್ಟಿಸುವುದು ತನ್ನ ಉದ್ದೇಶವಾಗಿತ್ತು ಎಂದ ಸಬ್ಯಸಾಚಿ.

ಅಕ್ಕಾರು ನನ್ನ ಕಡೆ ಸೇರುತ್ತಾರೆಂದುಕೊಂಡಿದ್ದೆ. ಅವರು ತಮ್ಮ ಸೆರಗನ್ನೇ ಎತ್ತಿ ತೋರಿಸಿದರು. "ಇದೇನು? ಇಳಕಲ್ಲು. ಎಲ್ಲಿ ನೇಯ್ದದ್ದು? ಪವರ್‌ಲೂಮಿನಾಗ. ಕೈಮಗ್ಗದ್ದು ತರಾಕ ಹೋದ್ರ ನನ್ನ ಗಂಟು ಸಾಲೂದಿಲ್ಲ. ನಾ ಉಟ್ಟರ ಹೊಂದತೈತಿ, ಅಂವ ಮಾರಿದರ ತಪ್ಪೇನು?"

ಮಾತು ಗಟ್ಟಿಯಾಗಿತ್ತು, ಒಪ್ಪಲು ಮಾತ್ರ ಮನಸ್ಸಾಗಲಿಲ್ಲ. ಸಬ್ಯಸಾಚಿ ಬಾಡಿಗೆಗೆ ಕೊಟ್ಟದ್ದು ತನ್ನ ಹೆಸರನ್ನು, ಅದರ ದುಡ್ಡು ಅವನಿಗೇ ಬಂತು. ಸಾಂಗಾನೇರಿಗೂ ಇಳಕಲ್ಲಿಗೂ ಭೌಗೋಳಿಕ ಗುರುತಿನ ಸರ್ಟಿಫಿಕೇಟ್ ಇದೆ, ಬಾಡಿಗೆ ಮಾತ್ರ ಬರುವುದಿಲ್ಲ. ಪಿಟ್‌ಲೂಮಿನ ಗುಂಡಿಯಲ್ಲಿ ಕಾಲಿಳಿಬಿಟ್ಟು ಇಳಕಲ್ ಸೀರೆಯ ಟೋಪ್ ತೆನಿ ಸೆರಗು ನೇಯುವವನನ್ನು ಕೇಳಿಯೇನೂ ಯಾರೂ 'ಇಳಕಲ್' ಅನ್ನುವುದಿಲ್ಲ.

"ಹೆಸರಿನ ಸುದ್ದಿ ಬ್ಯಾರೇನ ಐತಿ, ಅಕ್ಕಾರ. ದೀಪಿಕಾ ಪಡುಕೋಣಿ ಮದವ್ಯಾಗ ಉಟ್ಟ ಸೀರಿ ನೆನಪೈತೇನು ನಿಮಗ?"

ಅಕ್ಕಾರಿಗೆ ನೆನಪಿತ್ತು, ಟಿವಿಯಲ್ಲಿ ದಿನವಿಡೀ ತೋರಿಸಿದ್ದರಲ್ಲ. 2018ರ ನವೆಂಬರ್, ಇಟಲಿಯ ಲೇಕ್ ಕೋಮೋ. ಕೊಂಕಣಿ ಶಾಸ್ತ್ರಕ್ಕೆ ಉಟ್ಟ ಆ ಕೆಂಪು ಕಾಂಜೀವರಂ ಸಬ್ಯಸಾಚಿಯದೇ ಅಂತ ಊರೆಲ್ಲ ಡಂಗುರವಾಯಿತು. ಆಮೇಲೆ ತಿಳಿಯಿತು, ಅದು ಬೆಂಗಳೂರಿನ 'ಅಂಗಡಿ ಗ್ಯಾಲೇರಿಯಾ' ಎಂಬ ಸೀರೆ ಮಳಿಗೆಯದ್ದು, ಗಂಡಭೇರುಂಡದ ಚಿತ್ತಾರದ್ದು, ತಾಯಿ ಕೊಡಿಸಿದ್ದು. ಸಬ್ಯಸಾಚಿ ತಾನೇ ಮುಂದೆ ಬಂದು, ಸೀರೆ 'ಅಂಗಡಿ'ಯವರದು ಎಂದು ಬರೆದ. ಅಷ್ಟರ ಮಟ್ಟಿಗೆ ಮೆಚ್ಚಬೇಕು. ನೇಯ್ದವನ ಹೆಸರು ಆ ತಿದ್ದುಪಡಿಯಲ್ಲೂ ಬರಲಿಲ್ಲ, ಅದು ಬೇರೆ ಮಾತು.

"ಅಂದ್ರ ತಮ್ಮಾ, ಹುಬ್ಬಳ್ಳ್ಯಾಗ ಕರದು 'ಸವಣೂರ ಖಾರಾ' ಅಂತ ಬೋರ್ಡ್ ಹಾಕಿಧಂಗ."

"ಹಂಗ ಅನ್ರಿ."

"ರುಚಿ ಇದ್ರ ತಿಂತಾರ ಬಿಡು." ಅಕ್ಕಾರು ದಾರ ಕಚ್ಚಿ ಹರಿದರು. "ಈ ಕೌದಿ ನೋಡಿ ಬೆಂಗಳೂರಿನ ನನ್ನ ಸೊಸಿ ಏನಂದ್ಲು ಗೊತ್ತೇನು? ಅತ್ತೀ, ಇಂಥಾವು ಅಲ್ಲಿ ಸಾವಿರಗಟ್ಟಲೆ ಮಾರತಾವು, ಹತ್ತು ಹೊಲದ ಕೊಡ್ರಿ, ಚಂದದ್ದೊಂದು ಚೀಟಿ ಹಚ್ಚಿ ಕೊಡ್ತೀನಿ ಅಂತ."

"ನೀವೇನಂದ್ರಿ?"

"ಚೀಟಿ ಮ್ಯಾಲೆ ಯಾರ ಹೆಸರು ಬರೀತೀ ಅಂದೆ. ಇನ್ನೂ ಫೋನ್ ಮಾಡಿಲ್ಲ ನೋಡು ಅಕಿ."